ತಾಳ ಹಿಡಿದವರ ಹೊಣೆ: ಭಜನಾ ಕಮ್ಮಟದಿಂದ ಊರಿಗೆ ತಂದ ಪಾಠಗಳು

ಧರ್ಮಸ್ಥಳದಲ್ಲಿ 1999ರಿಂದ ಭಜನಾ ತರಬೇತಿ ಕಮ್ಮಟ ನಡೆದುಕೊಂಡು ಬಂದಿದೆ. ಸೆಪ್ಟೆಂಬರ್ ಬಂತೆಂದರೆ ಬೇರೆ ಬೇರೆ ಜಿಲ್ಲೆಗಳ ಭಜನಾ ಮಂಡಳಿಗಳಿಂದ ಗಂಡಸರು ಹೆಂಗಸರು ಬಂದು, ಒಂದು ವಾರದ ಮಟ್ಟಿಗೆ ಕ್ಷೇತ್ರದಲ್ಲೇ ಉಳಿದು ಹಾಡು, ತಾಳ, ಕುಣಿತ ಭಜನೆಯ ಹೆಜ್ಜೆ, ಮಂಡಳಿ ನಡೆಸುವ ಕ್ರಮ ಎಲ್ಲವನ್ನೂ ಕಲಿಯುತ್ತಾರೆ. ಬೆಳಗಿನ ಜಾವ ಶುರುವಾದರೆ ರಾತ್ರಿ ಮಲಗುವವರೆಗೂ ಬಿಡುವಿಲ್ಲ. ನಮ್ಮ ಸಖರಾಯಪಟ್ಟಣ ಹೋಬಳಿಯ ಮಂಡಳಿಯಿಂದ ನಾನು ಮತ್ತು ಸ್ವಸಹಾಯ ಸಂಘದ ಲೆಕ್ಕ ನೋಡುವ ಒಬ್ಬ ಅಕ್ಕ ಹೋಗಿದ್ದೆವು. ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ನಮ್ಮ ತಲೆಯಲ್ಲಿದ್ದದ್ದು ಹೊಸ ಹಾಡು ಕಲಿಯಬೇಕು ಅನ್ನುವುದೊಂದೇ.

ಹಾಡು ಕಲಿತೆವು, ನಿಜ. ಆದರೆ ಊರಿಗೆ ಬಂದು ವರ್ಷಗಳು ಕಳೆದ ಮೇಲೆ ಉಳಿದಿರುವುದು ಬೇರೆಯದೇ. ನಂಬಿಕೆಯ ಹೆಸರಿನಲ್ಲಿ ನಾಲ್ಕು ಜನರನ್ನು ಕೂಡಿಸಿದ ಮೇಲೆ ಅವರನ್ನು ಹೇಗೆ ನಡೆಸಿಕೊಳ್ಳಬೇಕು, ಅವರ ದನಿ ಹೇಗೆ ಹೊರಗೆ ಬರಬೇಕು ಅನ್ನುವ ಎಚ್ಚರ ಅದು. ಈ ಸಲ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಕಮ್ಮಟಕ್ಕೆ ಹೊರಟಿರುವವರು ಏನು ನೋಡಿಕೊಂಡು ಬರಬೇಕು ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಊರಲ್ಲಿ ಉಳಿಯುವವರನ್ನು ಕಳಿಸಿ

ಮಂಡಳಿಯಲ್ಲಿ ಒಳ್ಳೆ ಕಂಠ ಇರುವ ಹುಡುಗನನ್ನು ಕಳಿಸುವುದು ರೂಢಿ. ಅವನು ಚೆನ್ನಾಗಿ ಕಲಿತು ಬರುತ್ತಾನೆ, ಆರು ತಿಂಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋಗುತ್ತಾನೆ. ಮಂಡಳಿ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಹೊಲ, ತೋಟ, ಹಸು ಇರುವವರು, ಮದುವೆಯಾಗಿ ಈ ಊರಿಗೇ ಬಂದ ಹೆಣ್ಣುಮಕ್ಕಳು, ಅಂಗಡಿ ಇಟ್ಟವರು, ಇಂಥವರನ್ನು ಆರಿಸಿ. ಕಂಠ ಸುಮಾರಾಗಿದ್ದರೂ ತೊಂದರೆಯಿಲ್ಲ.

ಇಬ್ಬರನ್ನು ಕಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು. ಆ ಕಾವ್ಯವನ್ನು ಗಮಕದಲ್ಲಿ ಓದುವಾಗ ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಕೂರುತ್ತಾರೆ. ರಾಗ ಹಿಡಿದವರೊಬ್ಬರು, ಅರ್ಥ ಬಿಡಿಸುವವರೊಬ್ಬರು. ಮಂಡಳಿಗೂ ಈ ಜೋಡಿ ಬೇಕು. ಹಾಡನ್ನು ಹೊತ್ತು ತರುವವರೊಬ್ಬರಾದರೆ, ಆ ಹಾಡು ವಾರವಾರವೂ ತಪ್ಪದೆ ನಡೆಯುವಂತೆ ನೋಡಿಕೊಳ್ಳುವವರು ಇನ್ನೊಬ್ಬರು. ನಮ್ಮಿಬ್ಬರಲ್ಲಿ ಎರಡನೆಯ ಕೆಲಸ ಆ ಅಕ್ಕನದು. ಮಂಡಳಿ ಇವತ್ತಿಗೂ ನಡೆಯುತ್ತಿದೆ ಅಂದರೆ ಹೆಚ್ಚಿನ ಪಾಲು ಅವರದೇ ಅಂತ ನಾನು ಎಲ್ಲರೆದುರಿಗೂ ಹೇಳುತ್ತೇನೆ.

2. ಮೊದಲು ತಾಳ, ಆಮೇಲೆ ಕಂಠ

ಕಮ್ಮಟದಲ್ಲಿ ನನಗೆ ಬಹಳ ಹಿಡಿಸಿದ್ದು ತಾಳದ ಪಾಠ. ದಾರವನ್ನು ತೋರುಬೆರಳಿಗೆ ಸುತ್ತಿಕೊಳ್ಳಬೇಕು. ಕೆಳಗಿನ ತಾಳ ಅಂಗೈಯಲ್ಲಿ ಸಡಿಲವಾಗಿ ಕೂರಬೇಕು, ಮೇಲಿನದರ ಅಂಚು ಕೆಳಗಿನದರ ಅಂಚಿಗೆ ಓರೆಯಾಗಿ ತಾಗಬೇಕು. ಚಪ್ಪಟೆಯಾಗಿ ಬಡಿದರೆ ನಾದ ಸತ್ತುಹೋಗುತ್ತದೆ, ಸದ್ದು ಮಾತ್ರ ಉಳಿಯುತ್ತದೆ. ಹೊಡೆದ ಮೇಲೆ ಬಿಡಬೇಕು, ನಾದ ತಾನಾಗಿ ಹರಿದು ಮುಗಿಯುವುದಕ್ಕೆ ಜಾಗ ಕೊಡಬೇಕು. ದೊಡ್ಡ ಸಭಾಂಗಣದಲ್ಲಿ ಅಷ್ಟೂ ಜನ ಬಾಯಿ ಮುಚ್ಚಿಕೊಂಡು ತಾಳವನ್ನಷ್ಟೇ ಹಾಕುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಎಲ್ಲರ ತಾಳವೂ ಮೆಲ್ಲಗೆ ಓಡಲು ಶುರುವಾಯಿತು. ಯಾರೂ ಬೇಕೆಂದು ಓಡಿಸಿದ್ದಲ್ಲ. ಒಬ್ಬರ ಉತ್ಸಾಹ ಪಕ್ಕದವರಿಗೆ ತಾಗಿ, ಅದು ಅವರ ಪಕ್ಕದವರಿಗೆ ತಾಗಿ, ಇಡೀ ಸಭೆಯೇ ಓಡತೊಡಗಿತ್ತು.

ಮುಂದೆ ಕೂತವರ ಕೆಲಸ ಏನೆಂದು ನನಗೆ ಆಗ ತಿಳಿಯಿತು. ಎಲ್ಲರೂ ಓಡುವಾಗ ತಾನು ಓಡದೆ ನಿಲ್ಲಬೇಕು, ಹಾಗೆ ನಿಲ್ಲುವಾಗ ಯಾರನ್ನೂ ಗದರಬಾರದು.

ಶ್ರುತಿಯ ವಿಷಯವೂ ಹೀಗೇ. ನಮ್ಮ ಹಾರ್ಮೋನಿಯಂನವರಿಗೆ ಕಪ್ಪು ಎರಡರಲ್ಲಿ ನುಡಿಸುವುದು ಇಷ್ಟ, ಅವರ ಕಂಠಕ್ಕೂ ಅದು ಸೊಗಸು. ಆದರೆ ಆ ಶ್ರುತಿಯಲ್ಲಿ ಚರಣ ಮೇಲೇರಿತೆಂದರೆ ವಯಸ್ಸಾದವರೆಲ್ಲ ಸುಮ್ಮನಾಗಿ ತಲೆಯಾಡಿಸುತ್ತಾ ಕೂರುತ್ತಿದ್ದರು. ಊರಿಗೆ ಬಂದ ಮೇಲೆ ಬಿಳಿ ಒಂದಕ್ಕೆ ಇಳಿಸಿದೆವು. ಮೊದಲ ವಾರ ಹಾಡು ಮಂಕಾಗಿ ಕೇಳಿಸಿತು. ಎರಡನೆಯ ವಾರ ಕಂಬಕ್ಕೆ ಒರಗಿ ಕೂರುತ್ತಿದ್ದ ಅಜ್ಜಂದಿರು ಮುಂದಕ್ಕೆ ಜರುಗಿ ಬಾಯಿ ಬಿಟ್ಟು ಹಾಡತೊಡಗಿದರು. ಎಲ್ಲರ ಕೈಗೆ ಎಟುಕುವ ಎತ್ತರದಲ್ಲಿ ಹಾಡನ್ನು ಇಡುವುದು ಮುಂದಾಳಿನ ಮೊದಲ ಕೆಲಸ ಅಂತ ನಾನು ನಂಬುತ್ತೇನೆ.

3. ಎತ್ತುಗಡೆಯನ್ನು ಹಂಚಿ

ಹಾಡಿನ ಮೊದಲ ಸಾಲನ್ನು ಎತ್ತಿಕೊಡುವವನೇ ನಮ್ಮ ಕಡೆ ಯಜಮಾನ. ಎಷ್ಟೋ ಮಂಡಳಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಒಬ್ಬರೇ ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ಅವರು ಕಾಲವಾದ ದಿನ ಭಜನೆಯೂ ನಿಲ್ಲುತ್ತದೆ. ಬೀರೂರಿನಿಂದ ಸಖರಾಯಪಟ್ಟಣದವರೆಗೆ ಹೀಗೆ ಬಾಗಿಲು ಹಾಕಿದ ಭಜನೆಮನೆಗಳನ್ನು ಕಂಡಿದ್ದೇನೆ. ಗೋಡೆಯ ಮೇಲೆ ದೇವರ ಪಟಗಳು ಹಾಗೇ ಇವೆ. ಹಾಡು ಎತ್ತಿಕೊಡಲು ಯಾರಿಗೂ ಧೈರ್ಯವಿಲ್ಲ.

ಕಮ್ಮಟದಿಂದ ಬಂದ ಮೇಲೆ ನಾವೊಂದು ನಿಯಮ ಮಾಡಿಕೊಂಡೆವು. ಒಂದು ಸಂಜೆಗೆ ಒಬ್ಬರು ಎರಡು ಹಾಡಿಗಿಂತ ಹೆಚ್ಚು ಎತ್ತಿಕೊಡುವ ಹಾಗಿಲ್ಲ. ಚೆನ್ನಾಗಿ ಹಾಡುವವರಿಗೆ ಇದು ಕಷ್ಟವಾಯಿತು. ಒಬ್ಬರು ಮೂರು ವಾರ ಬರಲೇ ಇಲ್ಲ. ಹಾಡಲು ನಾಚುವವರಿಗೆ ಇನ್ನೂ ಕಷ್ಟ. ಪಲ್ಲವಿ ಎತ್ತಿ ಅರ್ಧದಲ್ಲಿ ಸೊಲ್ಲು ಮರೆತರೆ ಇಡೀ ಮಂಡಳಿ ಅದನ್ನು ಹಿಡಿದು ಮುಂದಕ್ಕೆ ಒಯ್ಯಬೇಕು, ನಗಬಾರದು ಅಂತ ಮಾತಾಯಿತು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಸೇಕ್ರೆಡ್ ಹಾರ್ಪ್ ಅನ್ನುವ ಸಾಮೂಹಿಕ ಹಾಡಿನ ಸಂಪ್ರದಾಯವಿದೆ. 1844ರಲ್ಲಿ ಜಾರ್ಜಿಯಾದವರು ಹೊರತಂದ ಕೀರ್ತನೆಗಳ ಪುಸ್ತಕದಿಂದ ಆ ಹೆಸರು ಬಂತು. ಹಾಡುವವರು ನಾಲ್ಕು ಬದಿಗೆ ಚೌಕಾಕಾರವಾಗಿ ಎದುರುಬದುರು ಕೂರುತ್ತಾರೆ. ನಡುವಿನ ಖಾಲಿ ಜಾಗಕ್ಕೆ ಸರದಿಯಂತೆ ಒಬ್ಬೊಬ್ಬರೇ ಬಂದು, ತಮಗೆ ಬೇಕಾದ ಹಾಡು ಹೇಳಿ, ಕೈಯಲ್ಲಿ ತಾಳ ತೋರಿಸಿ ಮುನ್ನಡೆಸಿ ಹಿಂದಕ್ಕೆ ಹೋಗಿ ಕೂರುತ್ತಾರೆ. ಮಕ್ಕಳೂ ಬರುತ್ತಾರೆ, ಮುದುಕರೂ ಬರುತ್ತಾರೆ. ಕೇಳುಗರಿಗೆಂದು ಬೇರೆ ಸಾಲು ಇಡುವ ಪದ್ಧತಿಯೇ ಅಲ್ಲಿಲ್ಲ, ಬಂದವರೆಲ್ಲ ಹಾಡುವವರೇ. ಇದನ್ನು ಓದಿದಾಗ ನಮ್ಮ ಹಳ್ಳಿಯ ಮಂಡಳಿಗೆ ಹೇಳಿ ಮಾಡಿಸಿದ ಕ್ರಮ ಅನ್ನಿಸಿತು. ಈಗ ತಿಂಗಳಿಗೊಮ್ಮೆ ನಾವೂ ಚೌಕಾಕಾರವಾಗಿ ಕೂರುತ್ತೇವೆ. ದೇವರ ಪಟ ಒಂದು ಬದಿಗೆ, ದೀಪ ನಡುವೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪುರಂದರದಾಸರ ಪದ ಎತ್ತಿಕೊಟ್ಟಾಗ ಅವಳ ತಾತ ಹಿಂದಿನ ಸಾಲಿನಿಂದ ಸೊಲ್ಲು ಹಿಡಿದರು. ಹಿಂದೆ ಹಾಡುವುದು ಕಡಿಮೆ ಜಾಗ ಅನ್ನುವ ಭಾವನೆ ಆ ಸಂಜೆಯ ಮೇಲೆ ನಮ್ಮಲ್ಲಿ ಯಾರಿಗೂ ಬಂದಿಲ್ಲ.

4. ವೇಳೆ ಇಟ್ಟುಕೊಳ್ಳುವಾಗ ಹೊಲದ ಕಡೆ ನೋಡಿ

ಕ್ಷೇತ್ರದಲ್ಲಿ ಗಂಟೆ ಹೊಡೆದ ಹಾಗೆ ಎಲ್ಲ ನಡೆಯುತ್ತದೆ. ಆ ಶಿಸ್ತನ್ನು ಹಾಗೇ ಊರಿಗೆ ತರಲು ಆಗುವುದಿಲ್ಲ. ಇಲ್ಲಿ ಸಂಜೆ ಡೇರಿಗೆ ಹಾಲು ಹಾಕಬೇಕು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ತೋಟಕ್ಕೆ ಓಡಬೇಕು, ಅದು ಹಗಲೋ ರಾತ್ರಿಯೋ ಪಾಳಿಯ ಮೇಲೆ. ಬಯಲುಸೀಮೆಯ ಭಜನೆ ಈ ಎರಡರ ನಡುವೆ ಜಾಗ ಹುಡುಕಿಕೊಳ್ಳಬೇಕು. ನಾವು ಹಾಲಿನ ಹೊತ್ತು ಮುಗಿದ ಮೇಲೆ ಏಳಕ್ಕೆ ಶುರು, ಎಂಟೂವರೆಗೆ ಮಂಗಳಾರತಿ ಅಂತ ಗೊತ್ತು ಮಾಡಿದೆವು. ಮೂವರೇ ಬಂದಿದ್ದರೂ ಏಳಕ್ಕೆ ತಾಳ ಬೀಳುತ್ತದೆ. ಎಷ್ಟೇ ರಂಗೇರಿದ್ದರೂ ಎಂಟೂವರೆಗೆ ಮುಗಿಯುತ್ತದೆ. ಮುಗಿಯುವ ಹೊತ್ತು ಗೊತ್ತಿದ್ದರೆ ಹೆಂಗಸರು ಬರುತ್ತಾರೆ. ಅದು ಗೊತ್ತಿಲ್ಲದ ಕಡೆ ಅವರು ಹೊಸ್ತಿಲು ದಾಟುವುದಿಲ್ಲ.

5. ಲೆಕ್ಕವನ್ನು ಗಟ್ಟಿಯಾಗಿ ಓದಿ

ಇದಕ್ಕೆ ಹೆಚ್ಚು ಮಾತು ಬೇಡ. ಮಂಗಳಾರತಿ ತಟ್ಟೆಗೆ ಬಿದ್ದ ಹಣ, ತಬಲ ರಿಪೇರಿಗೆ ಕೊಟ್ಟದ್ದು, ಎಣ್ಣೆ ಬತ್ತಿ ಖರ್ಚು, ಎಲ್ಲವನ್ನೂ ತಿಂಗಳ ಕೊನೆಯ ಭಜನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಸಂಘದ ಹೆಂಗಸರಿಗೆ ವಾರವಾರ ಪುಸ್ತಕ ಬರೆದು ಓದುವ ರೂಢಿ ಇದೆ. ಖಜಾಂಚಿ ಕೆಲಸ ಅವರಿಗೇ ಬಿಡಿ.

6. ಹೊನ್ನಬಿಲ್ಲನ ಕಥೆಯನ್ನು ಮರೆಯಬೇಡಿ

ಕಮ್ಮಟದ ಉಪನ್ಯಾಸಗಳಲ್ಲಿ ತ್ಯಾಗ, ಸೇವೆ ಅನ್ನುವ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಊರಿಗೆ ಹೋಗುತ್ತಿತ್ತು. ಸಖರಾಯಪಟ್ಟಣದ ಪಕ್ಕದ ಅಯ್ಯನಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಅದು ಜೀರ್ಣೋದ್ಧಾರವಾಯಿತು ಅಂತ ಹೇಳುತ್ತಾರೆ. ಬೆಟ್ಟಸಾಲಿನ ಬುಡದಲ್ಲಿ ನಿಂತ ಆ ನೀರಿನಿಂದ ಇವತ್ತಿಗೂ ನಮ್ಮ ಕಡೆಯ ತೋಟಗಳು ಹಸಿರಾಗಿವೆ. ಆ ಕೆರೆಯ ಜೊತೆಗೇ ಬಂದ ಕಥೆ ನೀರಗಂಟಿ ಹೊನ್ನಬಿಲ್ಲನದು. ಏರಿ ಒಡೆಯುವ ಹಾಗಿದೆ ಅಂತ ದೇವಿ ಅವನಿಗೆ ತಿಳಿಸುತ್ತಾಳೆ. ನಾನು ಹೋಗಿ ದೊರೆಗೆ ಹೇಳಿ ವಾಪಸು ಬರುವವರೆಗೆ ಏರಿಯನ್ನು ಕಾಯಬೇಕು ಅಂತ ಅವನು ಬೇಡಿಕೊಳ್ಳುತ್ತಾನೆ. ದೇವಿ ಒಪ್ಪುತ್ತಾಳೆ. ಓಡಿ ಬಂದು ಸುದ್ದಿ ಮುಟ್ಟಿಸಿದವನನ್ನು ದೊರೆ ಅಲ್ಲೇ ಕೊಲ್ಲಿಸುತ್ತಾನೆ. ಅವನು ವಾಪಸು ಹೋಗದಿದ್ದರೆ ತಾನೇ ಕೆರೆ ಉಳಿಯುವುದು! ಹೊನ್ನಬಿಲ್ಲಪ್ಪನ ಸ್ಮಾರಕ ನಮ್ಮೂರಲ್ಲಿದೆ.

ಚಿಕ್ಕಂದಿನಿಂದ ಇದನ್ನು ತ್ಯಾಗದ ಕಥೆ ಅಂತಲೇ ಕೇಳಿದ್ದೇವೆ. ಕಮ್ಮಟದಲ್ಲಿ ಒಂದು ರಾತ್ರಿ ಊಟ ಮುಗಿಸಿ ಬೇರೆ ಬೇರೆ ಊರಿನವರು ಕೂತು ಮಾತಾಡುವಾಗ ನಾನು ಈ ಕಥೆ ಹೇಳಿದೆ. ಚಿತ್ರದುರ್ಗದ ಕಡೆಯ ಒಬ್ಬ ಹಿರಿಯರು ಕೇಳಿಸಿಕೊಂಡು, ‘ತ್ಯಾಗ ಮಾಡು ಅಂತ ಅವನನ್ನು ಯಾರಾದರೂ ಕೇಳಿದ್ದರಾ?’ ಅಂದರು. ಯಾರೂ ಮಾತಾಡಲಿಲ್ಲ. ಆ ಪ್ರಶ್ನೆ ನನ್ನ ಜೊತೆ ಘಾಟಿ ಹತ್ತಿ ಬಂತು.

ಧಾರ್ಮಿಕ ಕೆಲಸದಲ್ಲಿ ಮುಂದೆ ನಿಂತವರು ಈ ಪ್ರಶ್ನೆಯನ್ನು ಪ್ರತಿ ಸಲ ಕೇಳಿಕೊಳ್ಳಬೇಕು. ಅಖಂಡ ಭಜನೆ ಇಟ್ಟುಕೊಳ್ಳುತ್ತೇವೆ. ನಡುರಾತ್ರಿ ಎರಡರಿಂದ ನಾಲ್ಕರ ಪಾಳಿ ಯಾರ ಪಾಲಿಗೆ ಬರುತ್ತದೆ? ಬೆಳಗ್ಗೆ ಕೂಲಿಗೆ ಹೋಗಬೇಕಾದವರ ಪಾಲಿಗೆ. ಪ್ರಸಾದ ಆಗುತ್ತದೆ. ಒಲೆಯ ಮುಂದೆ ಯಾರು, ಪಾತ್ರೆ ತೊಳೆಯುವಲ್ಲಿ ಯಾರು? ಹೆಸರು ಮೈಕಿನಲ್ಲಿ ಯಾರದು? ಸೇವೆ ಅಂದ ತಕ್ಷಣ ಬೇಡ ಅನ್ನಲು ಬಡವರಿಗೆ ಬಾಯಿ ಬರುವುದಿಲ್ಲ, ಹೆಂಗಸರಿಗಂತೂ ಬರುವುದೇ ಇಲ್ಲ. ದೇವರ ಹೆಸರಿಗೆ ಅಷ್ಟು ಬಲವಿದೆ. ಆ ಬಲವನ್ನು ಇನ್ನೊಬ್ಬರ ಮೈಮುರಿಯುವ ದುಡಿಮೆ ಪಡೆಯಲು ಬಳಸಬಾರದು. ನಮ್ಮ ಮಂಡಳಿಯಲ್ಲಿ ರಾತ್ರಿ ಪಾಳಿ ಮೊದಲು ಪದಾಧಿಕಾರಿಗಳದು. ಪಾತ್ರೆ ತೊಳೆಯುವುದು ಗಂಡಸರ ಸರದಿ. ಇದನ್ನು ಜಾರಿಗೆ ತರುವುದಕ್ಕೆ ಹಾಡು ಕಲಿಸುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

7. ಎಲ್ಲರ ಮನೆಗೂ ಹೋಗಬೇಕು, ಎಲ್ಲರೂ ಹೋಗಬೇಕು

ಧರ್ಮಸ್ಥಳದಲ್ಲಿ ಶಿವನಿಗೆ ಪೂಜೆ ಮಾಡುವವರು ವೈಷ್ಣವ ಅರ್ಚಕರು, ಧರ್ಮಾಧಿಕಾರಿಗಳು ಜೈನ ಮನೆತನದವರು. ಅನ್ನಛತ್ರದಲ್ಲಿ ಪಕ್ಕಕ್ಕೆ ಕೂತವರು ಯಾರು ಅಂತ ಕೇಳಿ ಯಾರೂ ಎಲೆ ಹಾಕುವುದಿಲ್ಲ. ನಮ್ಮ ಸಖರಾಯಪಟ್ಟಣಕ್ಕೂ ಇಂಥ ನೆನಪಿದೆ. ಗುರುನಾಥರೆಂದು ಜನ ಕರೆಯುವ ಅವಧೂತ ವೆಂಕಟಾಚಲರು ಗೃಹಸ್ಥರಾಗಿದ್ದುಕೊಂಡೇ ನಾನಾ ಕಡೆಯ ಜನರನ್ನು ಈ ಊರಿಗೆ ಸೆಳೆದವರು.

ಇಷ್ಟಿದ್ದೂ ಮನೆಮನೆ ಭಜನೆ ಶುರು ಮಾಡಿದಾಗ ಒಂದು ಕೇರಿಯ ಸರದಿ ಬಂದ ವಾರ ಕೆಲವರು ಬರಲಿಲ್ಲ. ಒಬ್ಬರಿಗೆ ಮೈ ಸರಿಯಿಲ್ಲ, ಇನ್ನೊಬ್ಬರಿಗೆ ನೆಂಟರು. ನಾವು ಹೋದೆವು, ಹಾಡಿದೆವು, ಅವರು ಕೊಟ್ಟ ಕಡಲೆಪುರಿ, ಬಾಳೆಹಣ್ಣು ತಿಂದೆವು. ಬಾರದವರ ಬಗ್ಗೆ ಮಾತೆತ್ತಲಿಲ್ಲ. ಮುಂದಿನ ಸುತ್ತಿನಲ್ಲಿ ಅವರಲ್ಲಿ ಹೆಚ್ಚಿನವರು ಬಂದರು. ಒಂದು ಮನೆಯವರು ಇನ್ನೂ ಬಂದಿಲ್ಲ. ಅವರ ಮನೆಯ ಸರದಿಯನ್ನೂ ನಾವು ತಪ್ಪಿಸಿಲ್ಲ. ಆದರೆ ಎಲ್ಲ ಮನೆಗೂ ಬರುವುದಿಲ್ಲ ಅನ್ನುವವರಿಗೆ ಪದಾಧಿಕಾರಿಯ ಜಾಗ ಕೊಡಬಾರದು. ಇದರಲ್ಲಿ ಮೆತ್ತಗಾಗಬೇಡಿ.

8. ಏಳರಿಂದ ಎಂಟೂವರೆಯ ಬೆಲೆ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದದ್ದು. ಜನಜಾಗೃತಿ ವೇದಿಕೆಯ ಜೊತೆ ಸೇರಿ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿ ಬಂದವರಿಗೆ ನವಜೀವನ ಸಮಿತಿ ಅಂತ ಇರುತ್ತದೆ. ನಮ್ಮ ಮಂಡಳಿಗೆ ಹಾಗೆ ಬಂದವರೊಬ್ಬರು ಹೇಳಿದ ಮಾತು ಇದು: ‘ಹಗಲು ಕೆಲಸ ಇರುತ್ತೆ, ರಾತ್ರಿ ನಿದ್ದೆ ಬರುತ್ತೆ. ದೀಪ ಹಚ್ಚೋ ಹೊತ್ತೇ ಕಷ್ಟ. ಕಾಲು ತಾನೇ ಅಂಗಡಿ ಕಡೆ ತಿರುಗುತ್ತೆ.’ ಭಜನೆಯ ಹೊತ್ತು ಅದೇ. ಅವರಿಗೆ ತಾಳ ಕೊಟ್ಟೆವು. ಬರದಿದ್ದರೆ ತಾಳ ತಪ್ಪುತ್ತದೆ ಅನ್ನುವ ಹೊಣೆ ಅವರ ಮೇಲಿತ್ತು.

ಅವರನ್ನು ವೇದಿಕೆಗೆ ಹತ್ತಿಸಿ ಹಿಂದಿನದನ್ನೆಲ್ಲ ಹೇಳಿಸಲಿಲ್ಲ. ಹಾಗೆ ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕುಡಿತ ಬಿಟ್ಟವರಿಗೆ ಬೇಕಾದದ್ದು ಚಪ್ಪಾಳೆಗಿಂತ ಹೆಚ್ಚಾಗಿ ಒಂದು ಕೆಲಸ, ತಮಗಾಗಿ ಕಾಯುವ ನಾಲ್ಕು ಜನ. ಒಂದು ವಾರ ಕಾಣದಿದ್ದರೆ ಮಾರನೇ ಬೆಳಗ್ಗೆ ಯಾರಾದರೂ ಅವರ ತೋಟದ ಕಡೆ ಹೋಗಿ ಮಾತಾಡಿಸಿ ಬರುತ್ತೇವೆ. ಇಡೀ ಮಂಡಳಿ ಬೇರೇನೂ ಮಾಡದೆ ಇದೊಂದನ್ನೇ ಮಾಡಿದರೂ ಭಜನೆಗೆ ಅರ್ಥವಿದೆ.

9. ಕುಣಿತಕ್ಕೆ ನಮ್ಮ ಹೆಜ್ಜೆ

ಕರಾವಳಿಯ ಕುಣಿತ ಭಜನೆ ನೋಡಿ ಮನಸ್ಸು ತುಂಬಿಬರುತ್ತದೆ. ನೂರಾರು ಜನ ಒಂದೇ ಹೆಜ್ಜೆಯಲ್ಲಿ ತಿರುಗಿ, ಬಗ್ಗಿ, ಏಳುವಾಗ ಕಣ್ಣು ತೆಗೆಯಲಾಗುವುದಿಲ್ಲ. ಅದನ್ನು ಊರಿಗೆ ತಂದಾಗ ನಮ್ಮ ಮಕ್ಕಳ ಕಾಲಿಗೆ ಸುಲಭವಾಗಿ ಒಗ್ಗಿದ್ದು ಕೋಲಾಟದ ಹೆಜ್ಜೆಗೆ ಹತ್ತಿರವಾದ ಭಾಗಗಳು. ಅಷ್ಟನ್ನೇ ಇಟ್ಟುಕೊಂಡೆವು. ಹಾಡುಗಳಲ್ಲಿ ದಾಸರ ಪದದ ಜೊತೆ ವಚನ, ತತ್ತ್ವಪದ ಸೇರಿಸಿದೆವು. ಲಿಂಗಾಯತರು, ಕುರುಬರು, ಒಕ್ಕಲಿಗರು, ಬ್ರಾಹ್ಮಣರು ಎಲ್ಲ ಇರುವ ಊರಲ್ಲಿ ಒಂದೇ ಬಗೆಯ ಹಾಡು ಹಾಡಿದರೆ ಉಳಿದವರು ನೆಂಟರ ಮನೆಗೆ ಬಂದ ಹಾಗೆ ಕೂರುತ್ತಾರೆ. ಬಸವಣ್ಣ, ಕನಕದಾಸರು, ಶಿಶುನಾಳ ಶರೀಫರು ಒಂದೇ ಸಂಜೆಯಲ್ಲಿ ಬರಲಿ.

10. ಹಾರ್ಮೋನಿಯಂ ಕೊಡಲು ಬಂದವರು

ಮಂಡಳಿ ಚೆನ್ನಾಗಿ ನಡೆಯತೊಡಗಿದ ಮೇಲೆ ಚುನಾವಣೆ ಹತ್ತಿರ ಬಂದರೆ ಯಾರಾದರೂ ಹೊಸ ಹಾರ್ಮೋನಿಯಂ, ಸಮವಸ್ತ್ರ, ಮೈಕ್ ಸೆಟ್ ಕೊಡುತ್ತೇನೆ ಅಂತ ಬಂದೇ ಬರುತ್ತಾರೆ. ಎಲ್ಲ ಪಕ್ಷದವರೂ ಬರುತ್ತಾರೆ. ಬಂದವರು ಕೂತು ಹಾಡಲಿ, ಪ್ರಸಾದ ತೆಗೆದುಕೊಳ್ಳಲಿ, ಬೇಕಾದರೆ ತಟ್ಟೆಗೆ ಎಲ್ಲರಂತೆ ಕಾಣಿಕೆ ಹಾಕಲಿ. ಹೆಸರು ಬರೆಸಿದ ವಸ್ತು ಬೇಡ. ಈ ನಿರ್ಧಾರವನ್ನು ಚುನಾವಣೆ ಇಲ್ಲದ ವರ್ಷವೇ ಸಭೆಯಲ್ಲಿ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಮಾಡಲು ಹೋದರೆ ಒಬ್ಬರ ಪರ, ಇನ್ನೊಬ್ಬರ ವಿರುದ್ಧ ಅಂತ ಊರು ಎರಡಾಗುತ್ತದೆ.

11. ಬಂದ ಮೊದಲ ವಾರ

ವಾರವಿಡೀ ಭಕ್ತಿಯ ವಾತಾವರಣದಲ್ಲಿ ಇದ್ದು ಬಂದವರ ಮೈಯಲ್ಲಿ ಒಂದು ಬಿಸಿ ಇರುತ್ತದೆ. ಊರಲ್ಲಿ ಇದ್ದವರಿಗೆ ಅದು ಇರುವುದಿಲ್ಲ, ಅವರು ಆ ವಾರವೆಲ್ಲ ಈರುಳ್ಳಿ ಕೊಯ್ಲಿನಲ್ಲೋ ರಾಗಿ ಕಳೆ ತೆಗೆಯುವುದರಲ್ಲೋ ಇದ್ದವರು. ಅವರಿಗೆ ಉಪದೇಶ ಮಾಡಲು ಹೋಗಬೇಡಿ. ಮೊದಲ ಭಜನೆಯಲ್ಲಿ ಒಂದೇ ಒಂದು ಹೊಸ ಹಾಡು ಕಲಿಸಿ. ಎರಡನೆಯ ವಾರವೂ ಅದನ್ನೇ ಹಾಡಿಸಿ. ಕಮ್ಮಟದಲ್ಲಿ ಹಾಡುಗಳನ್ನು ನಿಮ್ಮ ಕೈಬರಹದಲ್ಲೇ ಬರೆದುಕೊಳ್ಳಿ. ಫೋನಿನಲ್ಲಿ ಹಿಡಿದದ್ದು ಫೋನಿನಲ್ಲೇ ಉಳಿಯುತ್ತದೆ, ಬರೆದ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಬೇರೆ ತಾಲ್ಲೂಕಿನ ಒಂದೆರಡು ಮಂಡಳಿಯವರ ನಂಬರು ಇಟ್ಟುಕೊಂಡು ಬನ್ನಿ. ವರ್ಷಕ್ಕೊಮ್ಮೆ ಅವರ ಊರಿಗೆ ನೀವು, ನಿಮ್ಮ ಊರಿಗೆ ಅವರು ಬಂದು ಹಾಡಿದರೆ ಎರಡೂ ಮಂಡಳಿಗೆ ಜೀವ ಬರುತ್ತದೆ.

ಹೊರಡುವ ಮುಂಚೆಯೇ ಇನ್ನೊಂದು ಕೆಲಸ ಮುಗಿಸಿ. ಮಂಡಳಿಯ ಸಭೆ ಕರೆದು, ಮುಂದಿನ ವರ್ಷ ಕಮ್ಮಟಕ್ಕೆ ಹೋಗುವ ಇಬ್ಬರು ಯಾರು ಅಂತ ಈಗಲೇ ಗೊತ್ತುಮಾಡಿ. ನೀವು ಬಂದ ದಿನದಿಂದ ಆ ಇಬ್ಬರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸುತ್ತಾ ಹೋಗಿ.